ಸ್ಟ್ರೋಕ್ ಆದವರನ್ನು ನೋಡಿಕೊಳ್ಳುವವರಿಗೆ ಯಾವ ಆಸರೆ ಒದಗುತ್ತದೆ? ನಾವು ನೋಡಿದ ನಾಲ್ಕು ದಾರಿಗಳು

ಅಪ್ಪನಿಗೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತೂ ನಿಂತಿತು. ಅವರನ್ನು ನೋಡಲು ಡಾಕ್ಟರ್, ಫಿಸಿಯೋ, ಸ್ಪೀಚ್ ಥೆರಪಿಸ್ಟ್ ಎಲ್ಲರೂ ಇದ್ದರು. ಹಗಲು ರಾತ್ರಿ ಅವರ ಜೊತೆಗಿದ್ದ ಅಮ್ಮನಿಗೆ ಏನು ಬೇಕು ಅಂತ ಕೇಳಿದವರು ಕಡಿಮೆ. ಅದಕ್ಕೇ ಮನೆಯವರಿಗೆ ಸಿಗುವ ಆಸರೆಗಳನ್ನು ಒಂದೊಂದಾಗಿ ನೋಡಿದೆವು: ಥೆರಪಿಸ್ಟ್ ಕಲಿಸುವ ತರಬೇತಿ, ನೋಡಿಕೊಳ್ಳುವವರದ್ದೇ ಗುಂಪು, ಕೌನ್ಸೆಲರ್, ಮತ್ತೆ ಕೆಲವು ಗಂಟೆ ಅಮ್ಮನ ಬದಲಿಗೆ ಬರುವ ಸಹಾಯಕಿ.

ಡಿಸ್ಚಾರ್ಜ್‌ಗೆ ಮುಂಚೆಯೇ ಬೇಕಾದದ್ದು ತರಬೇತಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಮಂಚದಿಂದ ವೀಲ್‌ಚೇರಿಗೆ ಕೂರಿಸುವುದನ್ನೇ ತೆಗೆದುಕೊಳ್ಳಿ. ಕುರ್ಚಿ ಅಪ್ಪನ ಎಡಗಡೆ, ಅಂದರೆ ಶಕ್ತಿ ಇರುವ ಕಡೆ, ಮಂಚಕ್ಕೆ ತಾಗಿ ನಿಲ್ಲಬೇಕು. ಬ್ರೇಕ್ ಹಾಕಿರಬೇಕು. ಅಪ್ಪ ಅಂಚಿಗೆ ಸರಿದು, ಪಾದ ನೆಲಕ್ಕೆ ಊರಿ, ಮುಂದಕ್ಕೆ ಬಾಗಬೇಕು. ಅಮ್ಮ ತನ್ನ ಮಂಡಿ ಬಗ್ಗಿಸಿ ಅವರ ಸೊಂಟದ ಹತ್ತಿರ ಹಿಡಿಯಬೇಕು. ಸೋತ ಕೈ ಹಿಡಿದು ಎಳೆಯಲೇಬಾರದು, ಭುಜದ ಕೀಲು ಜಾರಬಹುದು. ಬಾಯಲ್ಲಿ ಹೇಳಿದರೆ ಇದು ತಲೆಗೆ ಹೋಗಲ್ಲ. ಥೆರಪಿಸ್ಟ್ ಪಕ್ಕದಲ್ಲಿ ನಿಂತು ಅಮ್ಮನ ಕೈಯಲ್ಲೇ ಮಾಡಿಸಿದ ಮೇಲೆ ಅಮ್ಮನ ಸೊಂಟನೋವು ಕಡಿಮೆಯಾಯಿತು. ಮಾತಿನ ವಿಷಯವೂ ಹಾಗೇ. ಹೌದು-ಇಲ್ಲ ಅಂತ ಉತ್ತರ ಬರುವ ಒಂದೇ ಪ್ರಶ್ನೆ ಕೇಳಿ, ಸುಮ್ನೆ ಕಾಯುವುದನ್ನು ಸ್ಪೀಚ್ ಥೆರಪಿಸ್ಟ್ ಕಲಿಸಿದರು. ಮನೆಯಲ್ಲಿ ಅರ್ಧ ಜಗಳ ಅದರಿಂದಲೇ ನಿಂತಿತು.

ಆದರೆ ತರಬೇತಿ ಸಿಕ್ಕಿತು ಅಂತ ಫಿಸಿಯೋವನ್ನು ಬಿಡಬೇಡಿ. ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳ ಮೇಲೆ ನಡೆದ ಅಟೆಂಡ್ ಅಧ್ಯಯನದ ಫಲಿತಾಂಶ 2017ರಲ್ಲಿ ಬಂತು. ಮನೆಯವರಿಗೇ ವ್ಯಾಯಾಮ ಕಲಿಸಿ ಮಾಡಿಸಿದ ರೋಗಿಗಳು ಆರು ತಿಂಗಳ ನಂತರ ಉಳಿದವರಿಗಿಂತ ಹೆಚ್ಚು ಚೇತರಿಸಿಕೊಂಡಿರಲಿಲ್ಲ. ತರಬೇತಿ ನೋಡಿಕೊಳ್ಳುವವರ ಮೈ ಉಳಿಸುತ್ತದೆ, ಧೈರ್ಯ ಕೊಡುತ್ತದೆ. ಚಿಕಿತ್ಸೆಯ ಭಾರವನ್ನೂ ಅವರ ತಲೆಗೆ ಕಟ್ಟುವುದು ಅನ್ಯಾಯ.

ಗುಂಪಿನಲ್ಲಿ ಎರಡು ಬಗೆ ನೋಡಿದೆವು. ಎದುರು ಬದುರು ಕೂರುವ ಗುಂಪಿನಲ್ಲಿ ಅಮ್ಮನಿಗೆ ಸಿಕ್ಕಿದ ದೊಡ್ಡ ಉಪಕಾರ ಒಂದು ವಿಷಯದ್ದು. ಅಪ್ಪ ಕಾರಣವಿಲ್ಲದೆ ಅಳುತ್ತಿದ್ದರು, ಒಮ್ಮೊಮ್ಮೆ ಯಾವುದರಲ್ಲೂ ಆಸಕ್ತಿ ಇಲ್ಲದೆ ಗೋಡೆ ನೋಡುತ್ತಾ ಕೂರುತ್ತಿದ್ದರು. ಅಮ್ಮ ಅದನ್ನು ತನ್ನ ಮೇಲಿನ ಬೇಸರ ಅಂದುಕೊಂಡಿದ್ದರು. ಇನ್ನೊಬ್ಬ ಹೆಂಗಸು, 'ನಮ್ಮನೆಯವರೂ ಹಾಗೇ ರೀ, ಅದು ಮೆದುಳಿಗೆ ಬಿದ್ದ ಏಟು' ಅಂದಾಗ ಅಮ್ಮನ ಮುಖವೇ ಬದಲಾಯಿತು. ಡಾಕ್ಟರ್ ಅದನ್ನೇ ಹೇಳಿದ್ದರು, ಆದರೆ ನಂಬಿಕೆ ಬಂದದ್ದು ಇಲ್ಲಿ. ಫೋನಿನಲ್ಲಿರುವ ಗುಂಪು ನಡುರಾತ್ರಿಯಲ್ಲೂ ಉತ್ತರ ಕೊಡುತ್ತದೆ, ನಿಜ. ಜೊತೆಗೆ ಗೊತ್ತಿಲ್ಲದ ಔಷಧಿ, 'ನಮ್ಮವರು ಆಗಲೇ ನಡೀತಿದ್ದಾರೆ' ಅನ್ನುವ ವಿಡಿಯೋ ಎಲ್ಲ ಜಾಸ್ತಿ. ಅದನ್ನು ನೋಡಿದ ದಿನ ಅಮ್ಮ ಮಂಕಾಗುತ್ತಿದ್ದರು. ಸ್ಟ್ರೋಕ್ ಅಲ್ಲದೆ ತಲೆಗೆ ಪೆಟ್ಟಾದ ಹುಡುಗರ ತಂದೆತಾಯಿಯ ಕಷ್ಟ ಬೇರೆ: ಸಿಟ್ಟು, ಸ್ವಭಾವವೇ ಬದಲಾಗುವುದು, ನಿಂತುಹೋದ ಓದು, ಕೆಲಸ. ಸಾಧ್ಯವಾದರೆ ಅವರು ತಮ್ಮದೇ ಗುಂಪು ಹುಡುಕಿಕೊಳ್ಳುವುದು ಒಳ್ಳೆಯದು.

ಕೌನ್ಸೆಲರ್ ಮೊದಲು ಜರಿಟ್ ಪ್ರಶ್ನಾವಳಿ ಕೊಟ್ಟರು. ಆರೈಕೆ ಮಾಡುವವರ ಹೊರೆ ಎಷ್ಟಿದೆ ಅಂತ ತಿಳಿಯಲು ಇದು 1980ರ ದಶಕದಿಂದ ಬಳಕೆಯಲ್ಲಿದೆ. 22 ಪ್ರಶ್ನೆ, ಒಟ್ಟು 88 ಅಂಕ, ಅಂಕ ಹೆಚ್ಚಾದಷ್ಟೂ ಹೊರೆ ಹೆಚ್ಚು. ಅಮ್ಮನ ಅಂಕ ನೋಡಿ ನಾವು ಮಕ್ಕಳು ಎಚ್ಚೆತ್ತೆವು. ನಮ್ಮ ಹತ್ತಿರ ಹೇಳದ ಮಾತನ್ನು ಅಮ್ಮ ಅವರ ಹತ್ತಿರ ಹೇಳಿಕೊಂಡರು. ತೊಂದರೆ ಅಂದರೆ, ಫೋನಿನಲ್ಲಿ ಮಾತಾಡುವಾಗ ಅಪ್ಪ ಪಕ್ಕದ ಕೋಣೆಯಲ್ಲೇ ಇರುತ್ತಿದ್ದರು. ಅವರಿಗೆ ಮಾತಾಡಲು ಆಗುತ್ತಿರಲಿಲ್ಲ, ಕೇಳಿಸಿಕೊಂಡರೆ ಅರ್ಥವಾಗುತ್ತಿತ್ತು. ಅಮ್ಮ ದನಿ ತಗ್ಗಿಸುತ್ತಿದ್ದರು, ಆಮೇಲೆ ಮಾತೇ ನಿಲ್ಲಿಸುತ್ತಿದ್ದರು. ಹೊರಗೆ ಹೋಗೋಣ ಅಂದರೆ ಅಪ್ಪನ ಹತ್ತಿರ ಯಾರು?

ಇದೇ ಕಾರಣಕ್ಕೆ ತರಬೇತಿಯ ನಂತರ ಒಂದನ್ನೇ ಆರಿಸಿ ಅಂದರೆ ನಾನು ಸಹಾಯಕಿಯಿಂದ ಸಿಗುವ ಬಿಡುವನ್ನೇ ಆರಿಸುತ್ತೇನೆ. ಬದಲಿ ಜನ ಇಲ್ಲದಿದ್ದರೆ ಗುಂಪಿಗೂ ಹೋಗಲಾಗಲ್ಲ, ಕೌನ್ಸೆಲರ್ ಹತ್ತಿರ ಬಾಯಿಬಿಟ್ಟು ಅಳಲೂ ಆಗಲ್ಲ. ಸಹಾಯಕಿ ಬಂದ ಶುರುವಿನಲ್ಲಿ ಅಮ್ಮ ಮನೆಯಲ್ಲೇ ಇದ್ದು ಎಲ್ಲ ತೋರಿಸಿದರು. ಮಾತ್ರೆಯ ಹೊತ್ತು, ಮಗ್ಗುಲು ಬದಲಿಸುವ ಹೊತ್ತು, ಊಟ ಮಾಡಿಸುವಾಗ ನೆಟ್ಟಗೆ ಕೂರಿಸಿ ಆಮೇಲೂ ಅರ್ಧ ಗಂಟೆ ಮಲಗಿಸಬಾರದು ಅನ್ನುವುದು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆವು. ಆಮೇಲೆಯೇ ಅಮ್ಮ ನೆಮ್ಮದಿಯಾಗಿ ಹೊರಗೆ ಹೊರಟದ್ದು.

ದುಡ್ಡು ಕೊಟ್ಟು ಜನ ಇಡಲು ಎಲ್ಲರಿಗೂ ಆಗಲ್ಲ, ಅಲ್ವಾ? ಆಗ 'ಏನಾದರೂ ಬೇಕಾದರೆ ಹೇಳಿ' ಅಂದ ನೆಂಟರಿಗೆ ಸಂಕೋಚ ಬಿಟ್ಟು ದಿನ ಮತ್ತು ಗಂಟೆಯನ್ನೇ ಹೇಳಿ: 'ಶನಿವಾರ ನಾಲ್ಕರಿಂದ ಆರರವರೆಗೆ ಅಪ್ಪನ ಜೊತೆ ಕೂತಿರಿ.' ಹಾಗೆ ಕೇಳಿದಾಗ ನಮಗೆ ಇಲ್ಲ ಅಂದವರು ತೀರಾ ಕಡಿಮೆ.