ಟೀಗೆ ಯುಪಿಐ, ಫೀಸಿಗೆ ನೆಟ್ ಬ್ಯಾಂಕಿಂಗ್

ಮಾನಸಗಂಗೋತ್ರಿಯ ಹಾಸ್ಟೆಲ್‌ನಲ್ಲಿ ಬ್ಯಾಂಕಿನ ಜಾಹೀರಾತು ನೋಡಿ ದುಡ್ಡು ಕಳಿಸೋ ಆ್ಯಪ್ ಹಾಕಿಕೊಂಡವರನ್ನು ನಾನು ಕಂಡಿಲ್ಲ. ಊಟದ ಬಿಲ್ ಒಬ್ಬ ಕೊಟ್ಟು "ನಂಗೆ ಹಾಕ್ಬಿಡ್ರೋ" ಅಂದಾಗ ಉಳಿದವರು ಚಿಲ್ಲರೆ ಹುಡುಕುತ್ತಾ ಕೂರೋಕಾಗುತ್ತಾ? ಹಾಗೇ ಎಲ್ಲರ ಫೋನಿಗೂ ಬಂತು. ಬಂದದ್ದರಲ್ಲಿ ಯಾವುದು ಉಳಿಯಿತು ಅನ್ನೋದು ಬೇರೆ ಮಾತು.

ಸಣ್ಣ ಖರ್ಚಿಗೆ ಯುಪಿಐಗೆ ಎದುರಾಳಿ ಇಲ್ಲ. ಕುಕ್ಕರಹಳ್ಳಿ ಕೆರೆ ಹತ್ತಿರದ ಟೀ ಇರಲಿ, ದೇವರಾಜ ಮಾರ್ಕೆಟ್ಟಿನ ಬಾಳೆಹಣ್ಣು ಇರಲಿ, ಸ್ಕ್ಯಾನ್ ಮಾಡಿದರೆ ಮುಗೀತು. ಅದರಲ್ಲೂ ನನಗೆ ಇಷ್ಟ ಯುಪಿಐ ಲೈಟ್, ಅಂದರೆ ಖಾತೆಯಿಂದ ಸ್ವಲ್ಪ ದುಡ್ಡು ಮೊದಲೇ ತುಂಬಿಟ್ಟುಕೊಳ್ಳೋ ಆ್ಯಪಿನೊಳಗಿನ ಪರ್ಸು. 5,000 ರೂಪಾಯಿವರೆಗೆ ತುಂಬಿಡಬಹುದು, ಒಂದು ಸಲಕ್ಕೆ 1,000ದವರೆಗೆ ಪಿನ್ ಬೇಡ. ಇನ್ನೊಂದು ಅನುಕೂಲವನ್ನು ಯಾರೂ ಬಾಯಿಬಿಟ್ಟು ಹೇಳೋದಿಲ್ಲ. ಪಾಸ್‌ಬುಕ್ಕಿನಲ್ಲಿ ದುಡ್ಡು ತುಂಬಿದ ಸಾಲು ಮಾತ್ರ ಬರುತ್ತದೆ, ಒಂದೊಂದು ಟೀ, ಒಂದೊಂದು ಬೋಂಡ ಬರೋದಿಲ್ಲ. ಊರಲ್ಲಿ ಅಪ್ಪ ಎಂಟ್ರಿ ಹಾಕಿಸಿಕೊಂಡು ಬಂದು, ಕನ್ನಡಕ ಏರಿಸಿ ಓದುವವರಾದರೆ ಇದರ ಬೆಲೆ ಗೊತ್ತು, ಅಲ್ವಾ?

ನೆಟ್ ಬ್ಯಾಂಕಿಂಗ್ ಬಳಸೋದು ಕಿರಿಕಿರಿಯೇ. ಪಾಸ್‌ವರ್ಡ್ ಬದಲಿಸು ಅನ್ನುತ್ತದೆ, ಹೊಸಬರ ಖಾತೆ ಸೇರಿಸಿದರೆ ಕಾಯಿ ಅನ್ನುತ್ತದೆ. ಆದರೂ ಸೆಮಿಸ್ಟರ್ ಫೀಸು ನಾನು ಕಟ್ಟೋದು ಅದರಲ್ಲೇ. ಕಂಪ್ಯೂಟರ್ ಮುಂದೆ ಕೂತು, ಮೊತ್ತ ಎರಡು ಸಲ ನೋಡಿ, ರಸೀದಿ ಅಲ್ಲೇ ಪ್ರಿಂಟ್ ತೆಗೆದರೆ ನನಗೆ ಸಮಾಧಾನ.

ನನ್ನ ರೂಮ್‌ಮೇಟಿಗೆ ಮಾತ್ರ ನೆಟ್ ಬ್ಯಾಂಕಿಂಗ್ ಬಿಟ್ಟರೆ ಬೇರೆ ದಾರಿಯೇ ಇಲ್ಲ. ಮದ್ದೂರು ಕಡೆಯವನು. ಸ್ಕೂಲಲ್ಲಿ ಸ್ಕಾಲರ್‌ಶಿಪ್‌ಗೆ ಅಂತ ತೆಗೆಸಿದ ಖಾತೆಗೆ ಅಪ್ಪನ ನಂಬರೇ ಇದೆ. ಖಾತೆಗೆ ಜೋಡಿಸಿದ ಸಿಮ್ ಫೋನಿನಲ್ಲಿ ಇಲ್ಲದಿದ್ದರೆ ಯುಪಿಐ ನೋಂದಣಿ ಆಗೋದಿಲ್ಲ. ನೆಟ್ ಬ್ಯಾಂಕಿಂಗಿನಲ್ಲಿ ಒಟಿಪಿ ಗದ್ದೆಯಲ್ಲಿರೋ ಅಪ್ಪನಿಗೆ ಹೋಗುತ್ತದೆ. ಇವನು ಇಲ್ಲಿಂದ "ಅಪ್ಪಾ, ಈಗ ಮೆಸೇಜು ಬಂತಲ್ಲ, ಅದ್ರಲ್ಲಿ ಆರು ನಂಬ್ರ ಅವೆ, ಓದು" ಅಂತಾನೆ. ಅವರು ಕೈ ಒರೆಸಿಕೊಂಡು ಓದಿ ಮುಗಿಸೋ ಹೊತ್ತಿಗೆ ಟೈಮ್ ಆಗಿಹೋಗಿರುತ್ತದೆ. ಮತ್ತೆ ಮೊದಲಿಂದ. ನಂಬರ್ ಬದಲಿಸೋಕೆ ಬ್ಯಾಂಕಿಗೆ ಹೋಗು ಅಂದರೆ, ಊರಿಗೆ ಹೋದಾಗ ನೋಡೋಣ ಅನ್ನುತ್ತಾನೆ.

ಬ್ಯಾಂಕಿನದೇ ಆ್ಯಪ್ ಬಗ್ಗೆ ಹೇಳೋದು ಜಾಸ್ತಿ ಇಲ್ಲ. ಬ್ಯಾಲೆನ್ಸ್ ನೋಡೋಕೆ ಸರಿ. ತೆರೆದ ಕೂಡಲೇ ಸಾಲ ಬೇಕಾ, ವಿಮೆ ಬೇಕಾ ಅಂತ ಕೇಳುತ್ತದೆ. ಸುಮ್ನೆ ಫೋನಲ್ಲಿ ಜಾಗ.

ಈಗಲೂ ಚಲನ್ ಹಿಡಿದು ಕ್ಯೂನಲ್ಲಿ ನಿಲ್ಲುವ ಗೆಳೆಯರಿದ್ದಾರೆ. ಆ್ಯಪ್ ಕಷ್ಟ ಅಂತಲ್ಲ, ದುಡ್ಡು ನಡುವೆ ಸಿಕ್ಕಿಕೊಂಡರೆ ಯಾರನ್ನು ಕೇಳೋದು ಅನ್ನೋ ಭಯ. ರಿಸರ್ವ್ ಬ್ಯಾಂಕ್ 2019ರಲ್ಲೇ ಇದಕ್ಕೆ ನಿಯಮ ಮಾಡಿದೆ. ಯುಪಿಐನಲ್ಲಿ ಖಾತೆಯಿಂದ ಕಡಿತವಾಗಿ ಇನ್ನೊಬ್ಬರ ಖಾತೆಗೆ ಸೇರದಿದ್ದರೆ ಮಾರನೆ ದಿನದೊಳಗೆ ವಾಪಸ್ ಬರಬೇಕು. ಅಂಗಡಿಗೆ ಕೊಟ್ಟದ್ದಾದರೆ 5 ದಿನ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ದೂರು ಕೊಡೋಕೆ ಆ ವ್ಯವಹಾರದ 12 ಅಂಕಿಯ ನಂಬರ್ ಬೇಕು. ಫೀಸ್ ಕಟ್ಟಿದ ದಿನ ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.