ಎಂಟು ಮಳೆಗಾಲ ಕಂಡ ರೆಡ್ಮಿ ನೋಟ್ 4

2017ರ ಮಾರ್ಚ್‌ನಲ್ಲಿ ತಗೊಂಡ ಫೋನ್ ಇದು. ನಾನಲ್ಲ, ಬೆಂಗಳೂರಿನಲ್ಲಿರುವ ಅಕ್ಕನ ಮಗ, ಮಧ್ಯಾಹ್ನ 12ಕ್ಕೆ ಶುರುವಾಗಿ ಕ್ಷಣದಲ್ಲಿ ಖಾಲಿಯಾಗುವ ಆನ್‌ಲೈನ್ ಫ್ಲ್ಯಾಶ್ ಸೇಲ್‌ಗೆ ಕಾದು ಕೂತು. "ಮಾವ, 10,999ಕ್ಕೆ 3 ಜಿಬಿ ರ‍್ಯಾಮ್, ಮೆಟಲ್ ಬಾಡಿ, ಇನ್ನೇನು ಬೇಕು?" ಅಂದ. ಒಂದು ಮಳೆಗಾಲ ತಡೆದರೆ ಹೆಚ್ಚು ಅಂದುಕೊಂಡೆ. ನಮ್ಮ ಕೊಡಗಿನ ಮಾದಾಪುರ ಕಡೆ ಕಪಾಟಿನೊಳಗಿನ ಬೆಲ್ಟಿಗೂ ಬೂಷ್ಟು ಹಿಡಿಯುತ್ತೆ.

ಇದರ ಜೀವವೆಲ್ಲ ಬ್ಯಾಟರಿಯಲ್ಲಿದೆ. 4100 ಎಂಎಎಚ್ ಈಗಿನ ಲೆಕ್ಕಕ್ಕೆ ದೊಡ್ಡದಲ್ಲ, ಆದರೆ ಸ್ನಾಪ್‌ಡ್ರಾಗನ್ 625 ಚಿಪ್ ಕರೆಂಟು ಕುಡಿಯುವುದೇ ಕಮ್ಮಿ. ಅದು ಗೊತ್ತಾಗಿದ್ದು 2018ರ ಆಗಸ್ಟ್‌ನಲ್ಲಿ. ಗುಡ್ಡ ಜರಿದು ರಸ್ತೆ ಹೋಯಿತು, ಕಂಬ ಬಿದ್ದು ಕರೆಂಟ್ ಹೋಯಿತು, ಕೊನೆಗೆ ಟವರ್ರೂ ಸತ್ತಿತು. ಸಿಗ್ನಲ್ ಹುಡುಕಿ ಹುಡುಕಿಯೇ ಬ್ಯಾಟರಿ ಇಳಿಯುತ್ತೆ ಅಂತ ಏರೋಪ್ಲೇನ್ ಮೋಡ್‌ಗೆ ಹಾಕಿ ನಾಲ್ಕು ದಿನ ಎಳೆದೆ. ಎಫ್‌ಎಂಗೆ ಟವರ್ ಬೇಡ, ಇಯರ್‌ಫೋನ್ ವೈರೇ ಆಂಟೆನಾ. ಮಡಿಕೇರಿ ಆಕಾಶವಾಣಿ 103.1 ಹಿಡಿದು ಅವ್ವನ ಕಿವಿಗೊಂದು, ನನ್ನ ಕಿವಿಗೊಂದು. ಇವತ್ತಿನ ಎಷ್ಟೋ ದುಬಾರಿ ಫೋನ್‌ಗಳಲ್ಲಿ ಎಫ್‌ಎಂ ಹಾಗಿರಲಿ, ಇಯರ್‌ಫೋನ್ ಚುಚ್ಚುವ ತೂತೇ ಇಲ್ಲ.

ಅಷ್ಟು ಅಗ್ಗಕ್ಕೆ ಹೇಗೆ ಕೊಟ್ಟರು? ರೆಡ್ಮಿ ಮಾಡುವ ಶಿಯೋಮಿ 2010ರಲ್ಲಿ ಲೇ ಜುನ್ ಬೀಜಿಂಗ್‌ನಲ್ಲಿ ಶುರುಮಾಡಿದ ಕಂಪನಿ. ಭಾರತಕ್ಕೆ ಕಾಲಿಟ್ಟಿದ್ದು 2014ರಲ್ಲಿ, ಅಂಗಡಿ ಬಾಡಿಗೆ, ಡೀಲರ್ ಕಮಿಷನ್ ಗೊಡವೆಯಿಲ್ಲದೆ ಆನ್‌ಲೈನ್‌ನಲ್ಲಿ. ಮರುವರ್ಷ ಆಂಧ್ರದ ಶ್ರೀಸಿಟಿಯಲ್ಲಿರುವ, ಬೇರೆ ಕಂಪನಿಗಳಿಗೆ ಫೋನ್ ಜೋಡಿಸಿಕೊಡುವ ಫಾಕ್ಸ್‌ಕಾನ್ ಫ್ಯಾಕ್ಟರಿಯಲ್ಲಿ ಇಲ್ಲೇ ಜೋಡಣೆ. ನಾನು ಕೊಂಡ ವರ್ಷದ ಕೊನೆಗೆ ಸ್ಯಾಮ್‌ಸಂಗನ್ನೂ ದಾಟಿ ಇಲ್ಲಿ ಮೊದಲ ಸ್ಥಾನಕ್ಕೆ ಬಂತು. 2018ರಲ್ಲಿ ಹಾಂಗ್‌ಕಾಂಗ್ ಷೇರುಪೇಟೆಗೂ ಇಳಿಯಿತು. ಹಾರ್ಡ್‌ವೇರ್‌ನ ನಿವ್ವಳ ಲಾಭ ಶೇ. 5 ಮೀರಿಸುವುದಿಲ್ಲ ಅಂತ ಲೇ ಜುನ್ ಮಾತು ಕೊಟ್ಟಿದ್ದೂ ಆ ವರ್ಷವೇ. ಉಳಿದ ಲಾಭ ಫೋನೊಳಗಿನ ಜಾಹೀರಾತು, ಸೇವೆಗಳಿಂದ. ಮಳೆಗಾಲದಲ್ಲಿ ಕಾಫಿ ವ್ಯಾಪಾರಿ ನಗುನಗುತ್ತಾ ಅಡ್ವಾನ್ಸ್ ಕೊಡುತ್ತಾನಲ್ಲ, ಕೊಯ್ಲಿನ ಹೊತ್ತಿಗೆ ನಮ್ಮ ಚೀಲ ಅವನ ಗೋಡೌನಿನಲ್ಲಿರುತ್ತೆ. ಇದೂ ಅದೇ ಜಾತಿಯ ವ್ಯಾಪಾರ. ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ಜಾಹೀರಾತನ್ನು ಒಂದೊಂದಾಗಿ ಆಫ್ ಮಾಡಬಹುದು, ಅರ್ಧ ಗಂಟೆ ಹಿಡಿಯುತ್ತೆ.

ಒದ್ದೆ ಬೆರಳಿಗೆ ಸ್ಕ್ರೀನ್ ಕೇಳುವುದಿಲ್ಲ. ತೋಟದಲ್ಲಿ ಫೋನ್ ಬಂದರೆ ಮೊದಲು ಒಣ ಬಟ್ಟೆ ಹುಡುಕಬೇಕು. ಕ್ಯಾಮೆರಾ ಸಂಜೆ ಐದರವರೆಗೆ ಪರವಾಗಿಲ್ಲ. ಮೂರು ವರ್ಷದ ಮೇಲೆ ಬ್ಯಾಟರಿ ಬದಲಾಯಿಸಿದೆ. ಪೇಟೆಯ ಒಂದು ಅಂಗಡಿಯವನು "ಒರಿಜಿನಲ್ ಅಣ್ಣಾ" ಅಂತ ಹಾಕಿಕೊಟ್ಟದ್ದು ಎರಡೇ ತಿಂಗಳಿಗೆ ಊದಿಕೊಂಡು ಸ್ಕ್ರೀನನ್ನೇ ಎತ್ತಿತು. ಎರಡನೆಯದು ಇವತ್ತಿಗೂ ಇದೆ.

ಅಪ್‌ಡೇಟ್ ಆಂಡ್ರಾಯ್ಡ್ 7ಕ್ಕೇ ನಿಂತಿದೆ, ಹಳೇ ಸಾಫ್ಟ್‌ವೇರ್ ನಂಬುವ ಹಾಗಿಲ್ಲ ಅಂತ ಬ್ಯಾಂಕ್ ವ್ಯವಹಾರಕ್ಕೆ ಬೇರೆ ಫೋನ್ ಇಟ್ಟಿದ್ದೇನೆ. 5ಕ್ಕೆ 4 ಕೊಡುತ್ತೇನೆ. ಮೇಲ್ಗಡೆ ಇನ್‌ಫ್ರಾರೆಡ್ ಇರುವುದರಿಂದ ಟಿವಿ ರಿಮೋಟೂ ಇದೇ. ಸದ್ಯ ಅಡುಗೆಮನೆ ಕಿಟಕಿಯಲ್ಲಿ ಅವ್ವನ ವಶದಲ್ಲಿದೆ, ಇಯರ್‌ಫೋನ್ ವೈರನ್ನು ಸರಳಿಗೆ ಸುತ್ತಿಟ್ಟಿದ್ದಾರೆ.