ಬೆವರು ಹೀರುವ ಬಟ್ಟೆಗೆ ಎಂಎಂಟಿ ಮಷಿನ್: ಲ್ಯಾಬ್‌ನಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ಬೆಂಗಳೂರಿನ ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದರ ಲ್ಯಾಬ್‌ನಲ್ಲಿ ನನ್ನ ಕೆಲಸ. ತಿರುಪ್ಪೂರಿನಿಂದ ಬರುವ ನಿಟ್ (ಹೆಣೆದ) ಬಟ್ಟೆ ಬೆವರನ್ನು ಎಷ್ಟು ಬೇಗ ಹೀರುತ್ತದೆ, ಹೀರಿದ್ದನ್ನು ಎತ್ತ ಸಾಗಿಸುತ್ತದೆ ಅಂತ ನೋಡಲು ಮಾಯಿಶ್ಚರ್ ಮ್ಯಾನೇಜ್‌ಮೆಂಟ್ ಟೆಸ್ಟರ್ ಇದೆ. ನಮ್ಮ ಬಾಯಲ್ಲಿ ಎಂಎಂಟಿ. ಕೊಳ್ಳುವ ಯೋಚನೆ ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಮಷಿನ್ ಒಳ್ಳೆಯದೇ, ಆದರೆ ಕೊನೆಗೆ ಅದು ಕೊಡುವ ಒಟ್ಟು ಅಂಕವನ್ನಷ್ಟೇ ನೋಡಿ ಲಾಟ್ ಪಾಸ್ ಮಾಡಬೇಡಿ.

8 ಸೆಂ.ಮೀ. ಚೌಕದ ತುಂಡನ್ನು ಮೈಗೆ ತಾಗುವ ಒಳಬದಿ ಮೇಲೆ, ಹೊರಬದಿ ಕೆಳಗೆ ಬರುವಂತೆ ಇಡಬೇಕು. ಮೇಲೊಂದು, ಕೆಳಗೊಂದು ಸೆನ್ಸರ್. ಎರಡರಲ್ಲೂ ಒಂದರೊಳಗೊಂದು ಉಂಗುರ. ನಡುವಿನ ನಳಿಕೆಯಿಂದ ಬೆವರಿನ ಬದಲಿಗೆ ಉಪ್ಪುನೀರು 20 ಸೆಕೆಂಡು ಬೀಳುತ್ತದೆ. ಉಪ್ಪುನೀರು ಕರೆಂಟ್ ಹರಿಸುವುದರಿಂದ ತೇವ ಯಾವ ಉಂಗುರ ಮುಟ್ಟಿತು ಅನ್ನುವುದು ತಿಳಿಯುತ್ತದೆ. 120 ಸೆಕೆಂಡಿಗೆ ಟೆಸ್ಟ್ ಮುಗಿಯಿತು. ಅಮೆರಿಕದ ಜವಳಿ ಪರೀಕ್ಷಾ ಸಂಸ್ಥೆ ಎಎಟಿಸಿಸಿಯ 195ನೇ ಪದ್ಧತಿ ಇದೇ.

ಮೇಲಿನ ಬದಿಗೊಂದು, ಕೆಳಗಿನ ಬದಿಗೊಂದು ತೇವದ ಗೆರೆ ಸ್ಕ್ರೀನ್ ಮೇಲೆ ಏರುತ್ತಾ ಹೋಗುತ್ತದಲ್ಲ, ದುಡ್ಡು ಕೊಡಬೇಕಾದದ್ದು ಅದಕ್ಕೆ. ಹನಿ ಹಾಕಿ ಸ್ಟಾಪ್‌ವಾಚ್ ಒತ್ತುವ ಎಎಟಿಸಿಸಿ 79ರಲ್ಲಿ ನೀರು ಒಳಗೆ ಹೋಯಿತು ಅಂತ ಗೊತ್ತಾಗುತ್ತದೆ, ಎಲ್ಲಿ ನಿಂತಿತು ಅಂತ ಗೊತ್ತಾಗುವುದಿಲ್ಲ. ಕಾಟನ್ ಬಟ್ಟೆ ಆ ಹನಿ ಟೆಸ್ಟ್‌ನಲ್ಲಿ ಸಲೀಸಾಗಿ ಪಾಸಾಗಿ, ಎಂಎಂಟಿಯಲ್ಲಿ ಎರಡೂ ಬದಿ ಒದ್ದೆ ತೋರಿಸುತ್ತದೆ. ಮೈಗೆ ಅಂಟುವ ಬನಿಯನ್ ಅಂದರೆ ಅದೇ. ಪಾಲಿಯೆಸ್ಟರ್ ನೂಲು ತಾನಾಗಿ ನೀರು ಕುಡಿಯುವುದಿಲ್ಲ (ಗಾಳಿಯಿಂದ ಹೀರಿಕೊಳ್ಳುವ ತೇವಾಂಶ ಕಾಟನ್‌ಗೆ 8.5 ಶೇಕಡ, ಇದಕ್ಕೆ ಬರೀ 0.4). ಆದರೂ ಎಳೆಗಳ ನಡುವಿನ ಸಂದಿಯಲ್ಲಿ ನೀರನ್ನು ಸೆಳೆದು ಹೊರಬದಿಗೆ ಹರಡುತ್ತದೆ.

ಇನ್ನು ತಕರಾರು. ಒಟ್ಟು ಅಂಕವಾದ ಒಎಂಎಂಸಿಯಲ್ಲಿ ಅರ್ಧ ಪಾಲು ಒಳಬದಿಯಿಂದ ಹೊರಬದಿಗೆ ದಾಟುವ ಶಕ್ತಿಗೆ. ಉಳಿದರ್ಧವನ್ನು ಕೆಳಬದಿ ಹೀರುವ ವೇಗ, ಹರಡುವ ವೇಗ ಸಮನಾಗಿ ಹಂಚಿಕೊಳ್ಳುತ್ತವೆ. ಹೀಗಾಗಿ ತೆಳುವಾದ ಬಟ್ಟೆಯಲ್ಲಿ ನೀರು ಬಿದ್ದ ಜಾಗದಲ್ಲೇ ತೂರಿ ಕೆಳಗಿಳಿದರೂ ಅಂಕ ಚೆನ್ನಾಗಿಯೇ ಬರುತ್ತದೆ. ಹರಡದ ತೇವ ಒಣಗುವುದೂ ನಿಧಾನ. ನಾನಂತೂ ಮೊದಲು ಕೆಳಬದಿಯಲ್ಲಿ ತೇವ ನಡುವಿನಿಂದ ಎಷ್ಟು ದೂರ ಹರಡಿತು ಅಂತ ನೋಡುತ್ತೇನೆ. ಗರಿಷ್ಠ 30 ಮಿ.ಮೀ.; ಅದು 5ರಲ್ಲೇ ನಿಂತಿದ್ದರೆ ಒಎಂಎಂಸಿ ಏನೇ ಹೇಳಲಿ, ಜಾಗಿಂಗ್ ಟೀ ಶರ್ಟ್‌ಗೆ ಆ ಬಟ್ಟೆ ಬೇಡ.

ಉಪ್ಪಿನದು ಇನ್ನೊಂದು ಕಿರಿಕಿರಿ. ಕಾಟನ್‌ಗೆ ಬಣ್ಣ ಹಾಕುವ ರಿಯಾಕ್ಟಿವ್ ಡೈಯಿಂಗ್‌ಗೆ ಉಪ್ಪು ಧಾರಾಳವಾಗಿ ಹಾಕುತ್ತಾರೆ. ಡೈ ಹೌಸ್‌ನಲ್ಲಿ ವಾಷ್ ಸರಿಯಾಗದೆ ಅದು ಬಟ್ಟೆಯಲ್ಲೇ ಉಳಿದಿದ್ದರೆ ಸೆನ್ಸರ್‌ಗೆ ತೇವ ಹೆಚ್ಚಿದಂತೆ ಕಾಣುತ್ತದೆ. ರೀಡಿಂಗ್ ಮೇಲೆ ಅನುಮಾನ ಬಂದರೆ ಅದೇ ಲಾಟ್‌ನ ತುಂಡನ್ನು ತೊಳೆದು, ಒಣಗಿಸಿ, 21 ಡಿಗ್ರಿ, 65 ಶೇಕಡ ಆರ್ದ್ರತೆಯಲ್ಲಿ ಕಂಡೀಷನ್ ಮಾಡಿ ಮತ್ತೆ ಇಡಿ. ತೊಳೆಯುವಾಗ ಸಾಫ್ಟ್‌ನರ್ ಹಾಕಬೇಡಿ, ಅದರ ಪದರ ನೂಲಿನ ಮೇಲೆ ಕೂತು ನೀರು ಹೋಗದ ಹಾಗೆ ಮಾಡುತ್ತದೆ. ತೊಳೆದ ಮೇಲಿನ ಫಲಿತಾಂಶ ಹೇಗೂ ಬೇಕೇ ಬೇಕು. ಬರೀ ಕೆಮಿಕಲ್ ಫಿನಿಷ್‌ನಿಂದ ಬಂದ ಗುಣ ಕೆಲವೇ ವಾಷ್‌ಗೆ ಇಳಿದುಹೋಗುತ್ತದೆ.

ಎಂಎಂಟಿಯಲ್ಲಿ ಬಟ್ಟೆ ಮಲಗಿಯೇ ಇರುತ್ತದೆ ಅನ್ನುವುದೂ ನೆನಪಿರಲಿ. ಬೆನ್ನ ಮೇಲಿನ ಬೆವರು ಮೇಲಕ್ಕೆ ಏರುತ್ತದೋ ಅಂತ ತಿಳಿಯಲು ಪಟ್ಟಿಯನ್ನು ನೇತುಹಾಕಿ ತುದಿಯನ್ನು ನೀರಿಗೆ ಅದ್ದುವ ಎಎಟಿಸಿಸಿ 197 ಬೇಕು. ಸ್ಟ್ಯಾಂಡು, ಸ್ಕೇಲು, ಬೀಕರ್ ಇದ್ದರಾಯಿತು. ಉದ್ದ, ಅಡ್ಡ ಎರಡೂ ದಿಕ್ಕಿನಲ್ಲಿ ಮಾಡಿ. ನಿಟ್‌ನಲ್ಲಿ ಎರಡೂ ಒಂದೇ ಬರಬೇಕೆಂದಿಲ್ಲ.

ನಿರ್ವಹಣೆ ಕಷ್ಟವಿಲ್ಲ, ಶಿಸ್ತು ಬೇಕು. ಪ್ರತಿ ತುಂಡಾದ ಮೇಲೂ ಸೆನ್ಸರ್ ಒರೆಸಿ. ಸಂಜೆ ಮನೆಗೆ ಹೊರಡುವ ಮುಂಚೆ ಡಿಸ್ಟಿಲ್ಡ್ ವಾಟರ್ ಪಂಪ್ ಮಾಡಿ ಟ್ಯೂಬ್ ತೊಳೆಯದಿದ್ದರೆ ಬೆಳಗ್ಗೆ ನಳಿಕೆಯ ಬಾಯಲ್ಲಿ ಬಿಳಿ ಹರಳು ಕಟ್ಟಿರುತ್ತದೆ. ಟ್ಯೂಬ್‌ನಲ್ಲಿ ಗುಳ್ಳೆ ಸೇರಿದರೂ ಒದ್ದೆಯಾಗುವ ಸಮಯ ತಪ್ಪಾಗಿ ಬರುತ್ತದೆ. ದಿನಕ್ಕೊಂದೆರಡು ಸ್ಯಾಂಪಲ್ ಮಾತ್ರ ಬರುವ ಚಿಕ್ಕ ಯೂನಿಟ್‌ನವರು ಹೊರಗಿನ ಲ್ಯಾಬ್‌ಗೆ ಕೊಟ್ಟು ಮಾಡಿಸುವುದೇ ಲೇಸು. ಆದರೆ ವರದಿ ಜೊತೆ ಆ ಎರಡು ಗೆರೆಗಳ ಗ್ರಾಫ್ ಅನ್ನೂ ಕೇಳಿ ಪಡೆಯಿರಿ.